ಕೇಳಿದ್ದು ಕಿಲೋ, ಉತ್ತರ ಸೆಂಟಿಮೀಟರಿನಲ್ಲಿ

ಈ ಸಲದ ಪ್ರಶ್ನೆಗಳೆಲ್ಲ ಭಾರದ ಸುತ್ತಲೇ ಇವೆ. ಎಷ್ಟು ಕಿಲೋ ಎತ್ತಬಹುದು, ಎಷ್ಟು ಹೊರಬಹುದು, ಎಷ್ಟು ಕರಗುತ್ತದೆ ಎಂದು ಕೇಳಿದ್ದೀರಿ. ಆದರೆ ನೋವು ಬರುವುದೋ ಬಿಡುವುದೋ ಹೆಚ್ಚಾಗಿ ತೀರ್ಮಾನವಾಗುವುದು ದೂರದಿಂದ. ಭಾರ ಕೀಲಿನಿಂದ ಎಷ್ಟು ದೂರದಲ್ಲಿದೆ, ಮೈಯ ತೂಕ ಪಾದದ ಅಂಚಿನಿಂದ ಎಷ್ಟು ದೂರದಲ್ಲಿ ಬೀಳುತ್ತಿದೆ, ಬೀಳುತ್ತಿರುವ ಮೈ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಬೇಕು. ಲೆಕ್ಕ ಸುಲಭವಾಗಲೆಂದು ಬಲವನ್ನೂ ಕಿಲೋದಲ್ಲೇ ಹೇಳಿದ್ದೇವೆ. ನ್ಯೂಟನ್ ಬೇಕಾದವರು 9.8ರಿಂದ ಗುಣಿಸಿಕೊಳ್ಳಿ.

ಪ್ರಶ್ನೆ: ತುಂಬಿದ ಗ್ಯಾಸ್ ಸಿಲಿಂಡರನ್ನು ಕಟ್ಟೆಯ ಕೆಳಗೆ ಇಡುವಾಗ ಸೊಂಟ ಹಿಡಿದುಕೊಂಡಿತು. ಎಲ್ಲರೂ ಹೇಳುವ ಹಾಗೆ ಮಂಡಿ ಬಗ್ಗಿಸಿಯೇ ಎತ್ತಿದ್ದೆ. ಸಿಲಿಂಡರ್ ತರುವ ಹುಡುಗ ಅದನ್ನೇ ಹೆಗಲ ಮೇಲಿಟ್ಟುಕೊಂಡು ಮೂರು ಮಹಡಿ ಹತ್ತುತ್ತಾನಲ್ಲ, ಅದು ಹೇಗೆ?
— ಗೃಹಿಣಿ, ದಾವಣಗೆರೆ

ಉತ್ತರ: ಅನಿಲ 14.2 ಕೆ.ಜಿ., ಖಾಲಿ ಸಿಲಿಂಡರ್ 15–16 ಕೆ.ಜಿ. (ಖಾಲಿ ತೂಕವನ್ನು ಸಿಲಿಂಡರಿನ ಮೇಲೇ ಬರೆದಿರುತ್ತಾರೆ). ಒಟ್ಟು 30 ಕಿಲೋ ಎನ್ನೋಣ. ನಿಮ್ಮ ಸೊಂಟದ ಕೊನೆಯ ಡಿಸ್ಕನ್ನು ತಕ್ಕಡಿಯ ಮುಳ್ಳು ಎಂದುಕೊಳ್ಳಿ. ಒಂದು ಕಡೆ ಸಿಲಿಂಡರ್ ಮತ್ತು ಮುಂದಕ್ಕೆ ಬಾಗಿದ ನಿಮ್ಮ ಮೇಲ್ಮೈ, ಅಂದರೆ ಸೊಂಟದಿಂದ ಮೇಲಿನ ಮೈ. ಇನ್ನೊಂದು ಕಡೆ ಬೆನ್ನುಮೂಳೆಯ ಹಿಂದಿರುವ ಸ್ನಾಯು. ಈ ತಕ್ಕಡಿಯ ತೋಳುಗಳು ಸಮವಾಗಿಲ್ಲ. ಸ್ನಾಯು ಮುಳ್ಳಿನಿಂದ ಬರೀ 5 ಸೆಂ.ಮೀ. ದೂರದಲ್ಲಿದ್ದರೆ, ಸಿಲಿಂಡರ್ ಅರ್ಧ ಮೀಟರಿನಷ್ಟು ದೂರದಲ್ಲಿರುತ್ತದೆ. ಭಾರವನ್ನು ಈ ದೂರದಿಂದ ಗುಣಿಸಿದರೆ ಬರುವುದೇ ಟಾರ್ಕ್, ಅಂದರೆ ಕೀಲನ್ನು ತಿರುಗಿಸಲು ನೋಡುವ ಬಲದ ಅಳತೆ.

60 ಕೆ.ಜಿ. ತೂಕದವರ ಮೇಲ್ಮೈ ಸುಮಾರು 35 ಕೆ.ಜಿ. ಇರುತ್ತದೆ. ಬಗ್ಗಿದಾಗ ಅದರ ತೂಕ ಡಿಸ್ಕಿಗಿಂತ 25 ಸೆಂ.ಮೀ. ಮುಂದೆ ಬೀಳುತ್ತದೆ ಎನ್ನೋಣ, ಸಿಲಿಂಡರ್ 55 ಸೆಂ.ಮೀ. ಮುಂದಿದೆ ಎನ್ನೋಣ. 35 × 25 = 875, 30 × 55 = 1650, ಎರಡೂ ಸೇರಿ 2525. ಇದನ್ನು 5 ಸೆಂ.ಮೀ. ತೋಳಿನಿಂದ ತಡೆಯಬೇಕಾದ ಸ್ನಾಯು 505 ಕಿಲೋ ಬಲದಿಂದ ಎಳೆಯಬೇಕು. ಆ ಎಳೆತವಿಡೀ ಡಿಸ್ಕಿನ ಮೇಲೆ ಒತ್ತಡವಾಗಿ ಕೂರುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯಾಶ್ ಇಟ್ಟುಕೊಂಡಿರುವ ಎಚ್ಚರಿಕೆಯ ಗೆರೆ 3400 ನ್ಯೂಟನ್, ಅಂದರೆ ಸುಮಾರು 350 ಕಿಲೋ. ನೀವು ಅದನ್ನು ದಾಟಿ ಬಹಳ ಮುಂದೆ ಹೋಗಿದ್ದಿರಿ.

ಇನ್ನು ಮಂಡಿ ಬಗ್ಗಿಸುವ ಮಾತು. ಅದು ಅರ್ಧ ಸಲಹೆ. ಎರಡು ಮಂಡಿ ಜೋಡಿಸಿ ಸಿಲಿಂಡರಿನ ಎದುರು ಕುಕ್ಕರಗಾಲಲ್ಲಿ ಕೂತರೆ ಮಂಡಿಗಳೇ ಅಡ್ಡ ಬಂದು ಸಿಲಿಂಡರನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತವೆ. ಬೆನ್ನು ನೇರವಿದ್ದರೂ ದೂರ ಹೆಚ್ಚಾಯಿತು, ಟಾರ್ಕೂ ಹೆಚ್ಚಾಯಿತು. ಕಾಲು ಅಗಲಿಸಿ, ಸಿಲಿಂಡರನ್ನು ಎರಡು ಪಾದಗಳ ನಡುವೆ ತಂದುಕೊಂಡು, ಹೊಟ್ಟೆಗೆ ತಾಗಿಸಿ ಎತ್ತಿದರೆ ದೂರ 35 ಸೆಂ.ಮೀ.ಗೆ ಇಳಿಯುತ್ತದೆ, ಮೇಲ್ಮೈಯದು 15ಕ್ಕೆ. ಈಗ 525 ಮತ್ತು 1050 ಸೇರಿ 1575, ಸ್ನಾಯುವಿನ ಎಳೆತ 315 ಕಿಲೋ. ಭಾರ ಒಂದು ಗ್ರಾಂ ಕೂಡ ಬದಲಾಗಿಲ್ಲ, 190 ಕಿಲೋ ಉಳಿಯಿತು. ಆದರೂ ಇದು ಗೆರೆಯ ಹತ್ತಿರವೇ ಇದೆ. ಸಿಲಿಂಡರಿನ ವ್ಯಾಸವೇ 30 ಸೆಂ.ಮೀ.ಗಿಂತ ಹೆಚ್ಚಿರುವುದರಿಂದ ಇನ್ನೂ ಹತ್ತಿರಕ್ಕೆ ತರಲು ಬರುವುದಿಲ್ಲ. ಎಲ್ಲವೂ ಅನುಕೂಲವಾಗಿರುವಾಗಲೂ ನಿಯಾಶ್ ಒಪ್ಪುವುದು 23 ಕೆ.ಜಿ. ಮಾತ್ರ. ಹಾಗಾಗಿ ತುಂಬಿದ ಸಿಲಿಂಡರನ್ನು ಒಬ್ಬರೇ ಎತ್ತುವ ಯೋಚನೆಯನ್ನೇ ಬಿಡಿ ಎನ್ನುವುದು ನಮ್ಮ ಅಭಿಪ್ರಾಯ.

ಎತ್ತುವ ಬದಲು ವಾಲಿಸಿ. ಸೇಫ್ಟಿ ಕ್ಯಾಪ್ ಹಾಕಿರಲಿ. ಮೇಲಿನ ಹಿಡಿಕೆಯ ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಕಡೆಗೆ ನಿಧಾನವಾಗಿ ಎಳೆಯಿರಿ. ಎತ್ತರ 60 ಸೆಂ.ಮೀ., ತಳದ ಬಳೆಯ ತ್ರಿಜ್ಯ 13 ಸೆಂ.ಮೀ. ಎಂದು ಹಿಡಿದರೆ, ವಾಲಿಸಲು ಮೊದಲಿಗೆ ಬೇಕಾಗುವ ಬಲ 30 × 13 ÷ 60, ಅಂದರೆ ಆರೂವರೆ ಕಿಲೋ. ವಾಲಿದಷ್ಟೂ ಇದು ಇನ್ನೂ ಇಳಿಯುತ್ತದೆ. ಇಪ್ಪತ್ತು ಡಿಗ್ರಿ ದಾಟಿದ ಮೇಲೆ ಸಿಲಿಂಡರ್ ತನ್ನ ತಳದ ಅಂಚಿನ ಮೇಲೆ ತಾನೇ ತೂಗಿ ನಿಂತಂತಾಗುತ್ತದೆ. ಆ ಹಂತದಲ್ಲಿ ಕೈಯಿಂದ ಬಳೆಯನ್ನು ತಿರುಗಿಸುತ್ತ ಅಂಚಿನ ಮೇಲೇ ಉರುಳಿಸಿಕೊಂಡು ಹೋಗಬಹುದು. ಅದಕ್ಕಿಂತ ಹೆಚ್ಚು ವಾಲಿಸಿದರೆ ಭಾರ ನಿಮ್ಮ ಮೈಮೇಲೆ ಬರಲು ಶುರುವಾಗುತ್ತದೆ. ನೆಲಕ್ಕೆ ಮಲಗಿಸಿ ಉರುಳಿಸಲೇಬೇಡಿ. ಚಕ್ರದ ಸ್ಟ್ಯಾಂಡ್ ಇದ್ದರೆ ಇನ್ನೂ ಒಳ್ಳೆಯದು.

ಎದ್ದ ಕೂಡಲೇ ಈ ಕೆಲಸ ಬೇಡ. ರಾತ್ರಿಯಿಡೀ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ. ಆಗ ಬಗ್ಗಿದರೆ ಅವುಗಳ ಮೇಲಿನ ಒತ್ತಡ ಹೆಚ್ಚು. ಒಂದು ಗಂಟೆಯಾದರೂ ಓಡಾಡಿ, ಆಮೇಲೆ ಮಾಡಿ.

ಸಿಲಿಂಡರ್ ತರುವವರ ಗುಟ್ಟೂ ಇದರಲ್ಲೇ ಇದೆ. ಹೆಗಲ ಮೇಲಿನ ಭಾರ ಬೆನ್ನುಮೂಳೆಯಿಂದ ಪಕ್ಕಕ್ಕೆ ಹದಿನಾರು ಸೆಂ.ಮೀ. ಇರಬಹುದು. ಮೈಯನ್ನು ಇನ್ನೊಂದು ಬದಿಗೆ ಸ್ವಲ್ಪ ಓರೆ ಮಾಡಿದರೆ ಆ ಟಾರ್ಕ್ ಬಹುಮಟ್ಟಿಗೆ ಸರಿಹೋಗುತ್ತದೆ. ಅವರಿಗೆ ಅಪಾಯವಿರುವುದು ಹೊರುವಾಗಲ್ಲ, ಗಾಡಿಯಿಂದ ಹೆಗಲಿಗೆ ಏರಿಸಿಕೊಳ್ಳುವ ಮತ್ತು ಇಳಿಸುವ ಆ ಎರಡು ಗಳಿಗೆಗಳಲ್ಲಿ.

ಪ್ರಶ್ನೆ: ನಮ್ಮ ತಾಯಿಗೆ 68 ವರ್ಷ. ಬಲ ಸೊಂಟದ ಕೀಲು ಸವೆದಿದೆ. ಡಾಕ್ಟರು ಕೋಲನ್ನು ಎಡಗೈಯಲ್ಲಿ ಹಿಡಿಯಲು ಹೇಳಿದ್ದಾರೆ. ಅಮ್ಮ ಮಾತ್ರ "ನೋವಿರುವ ಕಡೆ ಆಸರೆ ಬೇಡವೇನೋ?" ಎಂದು ಬಲಗೈಯಲ್ಲೇ ಹಿಡಿಯುತ್ತಾರೆ. ಅವರಿಗೆ ಹೇಗೆ ತಿಳಿಸಿ ಹೇಳುವುದು?
— ಒಬ್ಬ ಓದುಗರು, ಶಿರಸಿ

ಉತ್ತರ: ನಡೆಯುವಾಗ ಪ್ರತಿ ಹೆಜ್ಜೆಗೂ ಒಂದು ಗಳಿಗೆ ಒಂಟಿ ಕಾಲಿನ ಮೇಲೆ ನಿಲ್ಲುತ್ತೇವೆ. ತಾಯಿಯವರ ತೂಕ 60 ಕೆ.ಜಿ. ಎನ್ನಿ. ಬಲಗಾಲೂರಿ ನಿಂತಾಗ ಆ ಕಾಲನ್ನು ಬಿಟ್ಟು ಉಳಿದ 50 ಕೆ.ಜಿ. ಬಲ ಕೀಲಿನ ಮೇಲಿರುತ್ತದೆ. ಆ ಭಾರ ಕೀಲಿನ ನೆತ್ತಿಯ ಮೇಲೆ ನೇರವಾಗಿ ಬೀಳದೆ 10 ಸೆಂ.ಮೀ. ಒಳಗೆ, ಮೈಯ ನಡುಗೆರೆಯಲ್ಲಿ ಬೀಳುತ್ತದೆ. ಸೊಂಟ ಎಡಕ್ಕೆ ಜೋತುಬೀಳದಂತೆ ಹಿಡಿಯುವುದು ಕೀಲಿನ ಹೊರಬದಿಯ ಸ್ನಾಯು. ಅದರ ತೋಳು 5 ಸೆಂ.ಮೀ. ಮಾತ್ರ. ಹಾಗಾಗಿ ಅದು 100 ಕಿಲೋ ಬಲದಿಂದ ಎಳೆಯಬೇಕು. ಕೀಲಿನ ಮೇಲೆ ಬೀಳುವುದು 50 ಮತ್ತು 100 ಸೇರಿ 150 ಕಿಲೋ. ಅರುವತ್ತು ಕಿಲೋ ತೂಕದವರ ಸವೆದ ಕೀಲು ಪ್ರತಿ ಹೆಜ್ಜೆಗೂ ನೂರೈವತ್ತು ಹೊರುತ್ತದೆ ಎಂದರೆ ಅವರಿಗೂ ಅರ್ಥವಾದೀತು.

ಈಗ ಎಡಗೈಯಲ್ಲಿ ಕೋಲು ಕೊಡಿ. ಬಲ ಕೀಲಿನಿಂದ ಅದು 45 ಸೆಂ.ಮೀ. ದೂರದಲ್ಲಿದೆ. ಬರೀ 6 ಕಿಲೋ ಒತ್ತಿದರೂ 270ರಷ್ಟು ಟಾರ್ಕ್ ಎದುರು ದಿಕ್ಕಿನಲ್ಲಿ ಸಿಗುತ್ತದೆ. ಮೊದಲಿದ್ದ 500ರಲ್ಲಿ ಸ್ನಾಯುವಿನ ಪಾಲಿಗೆ ಉಳಿಯುವುದು 230, ಎಳೆತ 46 ಕಿಲೋ. ಕೀಲಿನ ಮೇಲೆ 50 + 46 − 6 = 90. ಆರು ಕಿಲೋ ಒತ್ತಿದ್ದಕ್ಕೆ ಅರುವತ್ತು ಕಿಲೋ ಇಳಿಯಿತು. ಕೋಲು ಬಲಗೈಯಲ್ಲಿದ್ದರೆ ಕೀಲಿಗೆ ಅಷ್ಟು ಉದ್ದದ ತೋಳು ಸಿಗುವುದೇ ಇಲ್ಲ. ಜೊತೆಗೆ ಮೈಯೆಲ್ಲ ಬಲಕ್ಕೆ ವಾಲಿ ನಡಿಗೆ ಕುಂಟಾಗುತ್ತದೆ.

ಉದ್ದವನ್ನು ಅಂಗಡಿಯಲ್ಲಿ ಅಂದಾಜಿನ ಮೇಲೆ ತರಬೇಡಿ. ದಿನಾ ಹಾಕುವ ಚಪ್ಪಲಿ ಹಾಕಿಸಿ ನೇರ ನಿಲ್ಲಿಸಿ, ತೋಳು ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಹಿಡಿಕೆ ಬರಬೇಕು. ತುದಿಯನ್ನು ಪಾದದಿಂದ 15 ಸೆಂ.ಮೀ. ಹೊರಗೆ ಊರಿದಾಗ ಮೊಣಕೈ 20–30 ಡಿಗ್ರಿ ಮಡಚಿರಬೇಕು. ಕೋಲು ಉದ್ದವಾದರೆ ಭುಜ ಮೇಲೇರಿ ಕತ್ತು ನೋಯುತ್ತದೆ, ಗಿಡ್ಡವಾದರೆ ಮೈ ಬಾಗುತ್ತದೆ. ಕೋಲು ಮತ್ತು ನೋವಿನ ಕಾಲು ಒಟ್ಟಿಗೇ ಮುಂದೆ ಹೋಗಬೇಕು. ಮೆಟ್ಟಿಲು ಹತ್ತುವಾಗ ಮೊದಲು ಗಟ್ಟಿ ಕಾಲು. ಇಳಿಯುವಾಗ ಮೊದಲು ಕೋಲು, ನೋವಿನ ಕಾಲು. ತುದಿಯ ರಬ್ಬರ್ ಬುಷ್‌ನ ಗೆರೆಗಳು ಸವೆದು ನುಣುಪಾದರೆ ಬದಲಿಸಿ. ಮಳೆಗಾಲದ ಅಂಗಳದಲ್ಲಿ ಜಾರುವುದು ಅದೇ.

ನೀವು ಕೇಳದಿದ್ದರೂ ಒಂದು ಮಾತು. ತರಕಾರಿ ಚೀಲವನ್ನು ಬಲಗೈಗೇ, ಅಂದರೆ ನೋವಿರುವ ಕಡೆಗೇ ಕೊಡಿ. ಇದೂ ತಲೆಕೆಳಗು ಅನ್ನಿಸುತ್ತದೆ, ಆದರೆ ಲೆಕ್ಕ ನೋಡಿ. ಬಲಗೈಯಲ್ಲಿರುವ 5 ಕಿಲೋ ಚೀಲ ಬಲ ಕೀಲಿನ ಹೊರಗೆ 25 ಸೆಂ.ಮೀ. ದೂರದಲ್ಲಿ ತೂಗುತ್ತದೆ, ಅಂದರೆ ಸ್ನಾಯುವಿನ ಪರವಾಗಿ ಎಳೆಯುತ್ತದೆ. ಆಗ ಕೀಲಿನ ಮೇಲೆ 130 ಕಿಲೋ. ಅದೇ ಚೀಲ ಎಡಗೈಯಲ್ಲಿದ್ದರೆ 45 ಸೆಂ.ಮೀ. ದೂರದಿಂದ ವಿರುದ್ಧವಾಗಿ ಎಳೆದು 200 ಕಿಲೋ ಆಗುತ್ತದೆ. ಐದು ಕಿಲೋ ತರಕಾರಿಗೆ ಎಪ್ಪತ್ತು ಕಿಲೋ ವ್ಯತ್ಯಾಸ!

ಪ್ರಶ್ನೆ: ಭೌತಶಾಸ್ತ್ರದ ಪ್ರಕಾರ ಚೀಲ ಹಿಡಿದು ಅಲ್ಲಾಡದೆ ನಿಂತರೆ ಮಾಡಿದ ಕೆಲಸ ಸೊನ್ನೆ. ಹಾಗಾದರೆ ಕೈ ಸೋಲುವುದೇಕೆ? ಪಾಠ ತಪ್ಪೋ, ಕೈ ತಪ್ಪೋ?
— ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ಎರಡೂ ಸರಿ. ಬಲವನ್ನು ಅದರ ದಿಕ್ಕಿನಲ್ಲಿ ಸರಿದ ದೂರದಿಂದ ಗುಣಿಸಿದರೆ ಕೆಲಸ. ಚೀಲ ಸರಿದಿಲ್ಲ, ಆದ್ದರಿಂದ ಚೀಲದ ಮೇಲೆ ಆದ ಕೆಲಸ ಸೊನ್ನೆಯೇ. ಅದೇ ಚೀಲವನ್ನು ಮೊಳೆಗೆ ನೇತುಹಾಕಿದರೆ ಮೊಳೆಗೇನೂ ದಣಿವಿಲ್ಲ. ಸ್ನಾಯು ಮೊಳೆಯ ಹಾಗಲ್ಲ. ಅದರೊಳಗಿನ ಮಯೋಸಿನ್ ಎಂಬ ಎಳೆಗಳ ಕೊಕ್ಕೆಗಳು ಆಕ್ಟಿನ್ ಎಳೆಗಳನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತಲೇ ಇರಬೇಕು. ಪ್ರತಿ ಸುತ್ತಿಗೂ ಒಂದು ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚು. ಹಗ್ಗ ಜಗ್ಗಾಟದಲ್ಲಿ ಎರಡು ಕಡೆಯವರೂ ಸಮಬಲವಾಗಿ ನಿಂತಾಗ ಹಗ್ಗ ಅಲ್ಲಾಡುವುದಿಲ್ಲ, ಬೆವರು ಮಾತ್ರ ಹರಿಯುತ್ತದೆ. ಹಾಗೆ. ಖರ್ಚಾದ ಶಕ್ತಿಯೆಲ್ಲ ಶಾಖವಾಗುತ್ತದೆ.

ಒಂದು ಪರೀಕ್ಷೆ ಮಾಡಿ ನೋಡಿ. ನೇರ ನಿಂತು ಐದು ನಿಮಿಷ ಕಳೆಯಿರಿ, ಆಮೇಲೆ ಮಂಡಿಯನ್ನು ಅರ್ಧ ಮಡಚಿ ಒಂದು ನಿಮಿಷ ನಿಲ್ಲಿ. ಎರಡರಲ್ಲೂ ಕೆಲಸ ಸೊನ್ನೆ. ಮೊದಲನೆಯದರಲ್ಲಿ ಮೈಯ ತೂಕದ ಗೆರೆ ಮಂಡಿಯ ತೀರಾ ಹತ್ತಿರ ಹಾದು ಹೋಗುತ್ತದೆ, ಮೂಳೆಯ ಮೇಲೆ ಮೂಳೆ ಕೂತಿರುತ್ತದೆ. ಎರಡನೆಯದರಲ್ಲಿ ಮಂಡಿ ಆ ಗೆರೆಯಿಂದ ದೂರ ಸರಿದಿರುತ್ತದೆ, ತೊಡೆಯ ಸ್ನಾಯು ಆ ಟಾರ್ಕನ್ನು ಹಿಡಿದಿಡಲು ಎಟಿಪಿ ಸುಡುತ್ತದೆ. ತೊಡೆ ನಡುಗುವುದು ಅದಕ್ಕೇ.

ಪ್ರಶ್ನೆ: ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಕೈಗಡಿಯಾರ 600 ಕ್ಯಾಲೊರಿ ಎನ್ನುತ್ತದೆ. ಆ ಲೆಕ್ಕದಲ್ಲಿ ಒಂದು ಬೆಣ್ಣೆ ಮಸಾಲೆ ದೋಸೆಗೆ ಅಡ್ಡಿಯಿಲ್ಲವಲ್ಲ? ಇನ್ನೊಂದು: ಹತ್ತುವಾಗ ಉಸಿರು ಕಟ್ಟುತ್ತದೆ, ಆದರೆ ಮಂಗಳವಾರ ಕಾಲು ನೋಯುವುದು ಇಳಿದದ್ದರಿಂದ ಎನ್ನುತ್ತಾರೆ. ನಿಜವೇ?
— ಬ್ಯಾಂಕ್ ನೌಕರ, ಮೈಸೂರು

ಉತ್ತರ: ನೀವು ಏರಿದ ನೇರ ಎತ್ತರ 250 ಮೀಟರ್, ತೂಕ 60 ಕೆ.ಜಿ. ಎಂದು ಹಿಡಿಯೋಣ. 60 × 9.8 × 250 = 1,47,000 ಜೂಲ್. ಇದು 35 ಕಿಲೋಕ್ಯಾಲೊರಿ, ಅಂದರೆ ಪೊಟ್ಟಣದ ಮೇಲೆ ನಾವು ಸುಮ್ಮನೆ ಕ್ಯಾಲೊರಿ ಎಂದು ಓದುವುದು. ಬರೀ ಮೂವತ್ತೈದೇ ಎಂದು ಬೇಸರ ಬೇಡ. ಸ್ನಾಯು ತಾನು ಸುಟ್ಟ ಶಕ್ತಿಯಲ್ಲಿ ಐದರಲ್ಲೊಂದೋ ನಾಲ್ಕರಲ್ಲೊಂದೋ ಪಾಲನ್ನು ಮಾತ್ರ ಕೆಲಸವಾಗಿಸುತ್ತದೆ, ಉಳಿದದ್ದು ಶಾಖ. ಹಾಗಾಗಿ ಹತ್ತಿದ್ದಕ್ಕೆ ಖರ್ಚು 140ರಿಂದ 175. ಮೈ ಸುಮ್ಮನಿದ್ದರೂ ನಿಮಿಷಕ್ಕೆ ಒಂದರಂತೆ ಸುಡುತ್ತದೆ, ಅದನ್ನು ಸೇರಿಸಿ. ಇಳಿಯುವುದಕ್ಕೆ ಹತ್ತುವುದರ ಮೂರರಲ್ಲೊಂದೂ ಬೇಕಾಗದು. ಎಲ್ಲ ಕೂಡಿದರೆ 300ರ ಆಸುಪಾಸು. ನಿಮ್ಮ ಗಡಿಯಾರ ಎದೆಬಡಿತ ನೋಡಿ ಅಂದಾಜು ಕಟ್ಟುತ್ತದೆ. ಬಿಸಿಲಿಗೂ ಎದೆಬಡಿತ ಏರುತ್ತದೆ, ಅದು ಅದನ್ನೂ ಶ್ರಮವೆಂದು ಬರೆದುಕೊಳ್ಳುತ್ತದೆ. ದೋಸೆಯ ವಿಚಾರಕ್ಕೆ ಬಂದರೆ, ಕೊಬ್ಬಿನ ಒಂದು ಗ್ರಾಂಗೆ 9 ಕ್ಯಾಲೊರಿ. ಬೆಟ್ಟ ಹತ್ತಿದ್ದರ ಪೂರ್ತಿ ಖರ್ಚು 20 ಗ್ರಾಂ ತುಪ್ಪದಲ್ಲಿ ಮುಗಿದುಹೋಗುತ್ತದೆ. ದೋಸೆ ತಿನ್ನಿ, ಬೆಟ್ಟದ ಲೆಕ್ಕಕ್ಕೆ ಬರೆಯಬೇಡಿ.

ಅರ್ಧ ಗಂಟೆಯಲ್ಲಿ ಹತ್ತಿದರೆ ನಿಮ್ಮ ಕಾಲುಗಳು ಕೊಟ್ಟದ್ದು ಸುಮಾರು 82 ವ್ಯಾಟ್, ಒಂದು ಹಳೆಯ ಸೀಲಿಂಗ್ ಫ್ಯಾನ್ ತಿರುಗಿಸುವಷ್ಟು. ಅದರ ಮೂರು ನಾಲ್ಕು ಪಟ್ಟು ಶಾಖ ಅದೇ ಹೊತ್ತಿನಲ್ಲಿ ಮೈಯೊಳಗೆ ಹುಟ್ಟುತ್ತದೆ. ಅಂಗಿ ತೊಯ್ಯುವುದು ಅದನ್ನು ಹೊರಹಾಕಲು.

ಇಳಿದದ್ದರಿಂದಲೇ ನೋವು ಎಂಬುದು ನಿಜ. ಮೇಲಿದ್ದಾಗ ನಿಮ್ಮಲ್ಲಿದ್ದ ಆ 1,47,000 ಜೂಲ್ ಕೆಳಗೆ ಬರುವಷ್ಟರಲ್ಲಿ ಎಲ್ಲಿಗಾದರೂ ಹೋಗಬೇಕಲ್ಲ. ಗಾಡಿಯಲ್ಲಾದರೆ ಬ್ರೇಕ್ ಬಿಸಿಯಾಗುತ್ತದೆ. ನಿಮ್ಮಲ್ಲಿ ಬ್ರೇಕ್ ಎಂದರೆ ತೊಡೆಯ ಮುಂಭಾಗದ ಸ್ನಾಯು. ಹತ್ತುವಾಗ ಅದು ಕುಗ್ಗುತ್ತ ಎಳೆಯುತ್ತದೆ. ಇಳಿಯುವಾಗ ಎಳೆಯುತ್ತಲೇ ಉದ್ದವಾಗುತ್ತದೆ. ಹೀಗೆ ಉದ್ದವಾಗುತ್ತ ತಡೆಯುವಾಗ ಕಡಿಮೆ ಎಳೆಗಳು ಹೆಚ್ಚು ಬಲ ಹೊರುತ್ತವೆ, ಆಮ್ಲಜನಕದ ಖರ್ಚು ಕಡಿಮೆಯಾದರೂ ಎಳೆಗಳಿಗೆ ಸಣ್ಣ ಸಣ್ಣ ಹಾನಿಯಾಗುತ್ತದೆ. ನೋವು ಮರುದಿನ ಶುರುವಾಗಿ ಎರಡನೆಯ, ಮೂರನೆಯ ದಿನ ಜೋರಾಗಿರುತ್ತದೆ. ಭಾನುವಾರಕ್ಕೆ ಮಂಗಳವಾರ ಸರಿಯಾಗಿ ಕೂಡುತ್ತದೆ. ಲ್ಯಾಕ್ಟಿಕ್ ಆಮ್ಲ ಎನ್ನುವುದು ಹಳೆಯ ತಪ್ಪು. ಅದು ಒಂದೆರಡು ಗಂಟೆಯಲ್ಲೇ ರಕ್ತದಿಂದ ಹೋಗಿಬಿಟ್ಟಿರುತ್ತದೆ.

ಒಮ್ಮೆ ಹೀಗಾದ ಸ್ನಾಯು ಮುಂದಿನ ಕೆಲವು ವಾರ ಅಷ್ಟೇ ಇಳಿತಕ್ಕೆ ಅಷ್ಟು ನೋಯುವುದಿಲ್ಲ. ಆದ್ದರಿಂದ ಹೊಸಬರು ಮೊದಲ ಸಲ ಹತ್ತಿ ಹೋಗಿ ಬಸ್ಸಿನಲ್ಲಿ ಇಳಿಯಲಿ. ಎರಡನೆಯ ಸಲ ಇನ್ನೂರು ಮುನ್ನೂರು ಮೆಟ್ಟಿಲು ಇಳಿದು ನೋಡಲಿ. ಇಳಿಯುವಾಗ ಧಡಧಡ ಓಡಬೇಡಿ. ಮುಂಗಾಲು ಮೊದಲು ಊರಿ, ಮಂಡಿ ಸ್ವಲ್ಪ ಮಡಚಿಯೇ ಇರಲಿ. ತೊಡೆಯ ಮಾಂಸ ಎರಡೂ ಕಡೆ ಸಮನಾಗಿ ನೋಯುವುದು ಮಾಮೂಲಿ. ಒಂದೇ ಮಂಡಿ ಚುಚ್ಚಿದರೆ, ಊದಿಕೊಂಡರೆ ತೋರಿಸಿ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸ್ನಾಯು ವಿಪರೀತ ಒಡೆದು ಮೂತ್ರಪಿಂಡಕ್ಕೆ ಹೊರೆಯಾಗಿರುವ ಗುರುತು ಅದು.

ಪ್ರಶ್ನೆ: ಸಿಟಿ ಬಸ್ಸಿನಲ್ಲಿ ನಿಂತು ಓಡಾಡುತ್ತೇನೆ. ಡ್ರೈವರ್ ಬ್ರೇಕ್ ಹಾಕಿದರೆ ಮುಂದಿನವರ ಮೇಲೆ ಬೀಳುವುದೇ ಆಯಿತು. ಮಂಡಿ ಸ್ವಲ್ಪ ಬಗ್ಗಿಸಿ ನಿಂತರೆ ಬೀಳುವುದಿಲ್ಲವಂತೆ?
— ಒಬ್ಬ ಓದುಗರು, ಬೆಂಗಳೂರು

ಉತ್ತರ: ಸ್ವಲ್ಪ ಅನುಕೂಲವಿದೆ, ಆದರೆ ಅದು ಚಿಲ್ಲರೆ ಕಾಸು. ನಿಮ್ಮ ಗುರುತ್ವ ಕೇಂದ್ರ ನೆಲದಿಂದ 90 ಸೆಂ.ಮೀ. ಮೇಲೆ, ಹೊಕ್ಕುಳಿಗಿಂತ ತುಸು ಕೆಳಗಿದೆ ಎನ್ನಿ. ಮುಂದೆ ನೋಡುತ್ತ ಎರಡು ಪಾದ ಜೋಡಿಸಿ ನಿಂತರೆ ಅಲ್ಲಿಂದ ಇಳಿದ ಗೆರೆಗೂ ಕಾಲ್ಬೆರಳ ಅಂಚಿಗೂ ಇರುವ ಅಂತರ 12 ಸೆಂ.ಮೀ. ಹನ್ನೆರಡನ್ನು ತೊಂಬತ್ತರಿಂದ ಭಾಗಿಸಿದರೆ 0.13. ಗುರುತ್ವದ ಅಷ್ಟು ಪಾಲಿಗಿಂತ ಜೋರಾಗಿ ಬಸ್ಸು ನಿಧಾನವಾದರೆ ನೀವು ಕವುಚುತ್ತೀರಿ. ಗಂಟೆಗೆ 36 ಕಿ.ಮೀ. ವೇಗದ ಬಸ್ಸು ನಿಲ್ಲಲು 8 ಸೆಕೆಂಡು ತೆಗೆದುಕೊಂಡರೆ ಮಾತ್ರ ನೀವು ಕೈ ಬಿಟ್ಟು ನಿಂತಿರಬಲ್ಲಿರಿ. ನಮ್ಮ ಸಿಗ್ನಲ್ಲುಗಳಲ್ಲಿ ಯಾರು ಕೊಡುತ್ತಾರೆ ಎಂಟು ಸೆಕೆಂಡು?

ಮಂಡಿ ಬಗ್ಗಿಸಿ 10 ಸೆಂ.ಮೀ. ತಗ್ಗಿದರೆ ಎಂಟು ಹೋಗಿ ಏಳು ಸೆಕೆಂಡಾಗುತ್ತದೆ, ಅಷ್ಟೇ. ಅದರ ಬದಲು ಒಂದು ಕಾಲನ್ನು ಮುಂದಿಟ್ಟು ಆ ಅಂತರವನ್ನು 30 ಸೆಂ.ಮೀ. ಮಾಡಿ. ಈಗ ಬಸ್ಸು 3 ಸೆಕೆಂಡಿನಲ್ಲಿ ನಿಂತರೂ ನಿಲ್ಲುತ್ತೀರಿ. ಹಾಗಾಗಿ ಕಿಟಕಿಗೆ ಮುಖ ಮಾಡಿ, ಕಾಲು ಅಗಲಿಸಿ, ಒಂದು ಪಾದ ಡ್ರೈವರ್ ಕಡೆಗೂ ಇನ್ನೊಂದು ಹಿಂದಕ್ಕೂ ಇರುವಂತೆ ನಿಲ್ಲುವುದು ಒಳ್ಳೆಯದು.

ಕಂಬಿಯನ್ನು ಎತ್ತರದಲ್ಲಿ ಹಿಡಿಯಿರಿ. ಅಂಥದೇ 3 ಸೆಕೆಂಡಿನ ಬ್ರೇಕಿಗೆ, ಕಾಲು ಜೋಡಿಸಿ ನಿಂತ 60 ಕಿಲೋ ತೂಕದವರಿಗೆ ಸೀಟಿನ ಬೆನ್ನಿನ ಮಟ್ಟದಲ್ಲಿ (80 ಸೆಂ.ಮೀ.) ಕೈಯಿಂದ ಸುಮಾರು 14 ಕಿಲೋ ಬಲ ಬೇಕು. ಭುಜದ ಮಟ್ಟದಲ್ಲಿ (130 ಸೆಂ.ಮೀ.) 9 ಕಿಲೋ ಸಾಕು. ಮೇಲೆ ಜೋಲಾಡುವ ಹಿಡಿಕೆಗಳನ್ನು ನಂಬಬೇಡಿ. ಪಟ್ಟಿ ಬಿಗಿಯಾಗುವ ಹೊತ್ತಿಗೆ ನಿಮ್ಮ ಮೈ ಆಗಲೇ ಅಂಚು ದಾಟಿರುತ್ತದೆ.

ಪ್ರಶ್ನೆ: ಹೈಸ್ಕೂಲ್ ಹುಡುಗಿಯರಿಗೆ ವಾಲಿಬಾಲ್ ಕಲಿಸುತ್ತೇನೆ. ಸ್ಮ್ಯಾಶ್ ಮಾಡಿ ಕೆಳಗಿಳಿಯುವಾಗ ಮಂಡಿ ಉಳುಕಿಸಿಕೊಳ್ಳುತ್ತಾರೆ. ತೂಕ ಕಡಿಮೆಯಿರುವವರಿಗೂ ಹೀಗಾಗುತ್ತದೆ.
— ದೈಹಿಕ ಶಿಕ್ಷಣ ಶಿಕ್ಷಕರು, ಚಿತ್ರದುರ್ಗ

ಉತ್ತರ: ತೂಕ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಬಿದ್ದ ಎತ್ತರವನ್ನು, ನೆಲ ಮುಟ್ಟಿದ ಮೇಲೆ ಮೈ ತಗ್ಗಿ ನಿಂತ ದೂರದಿಂದ ಭಾಗಿಸಿ, ಒಂದು ಕೂಡಿಸಿ. ಪಾದ ನೆಲವನ್ನು ಸರಾಸರಿ ತನ್ನ ತೂಕದ ಎಷ್ಟು ಪಟ್ಟು ಒತ್ತಿತು ಎಂಬುದು ಸಿಗುತ್ತದೆ. ಹುಡುಗಿ 45 ಸೆಂ.ಮೀ. ಹಾರಿ, ಮಂಡಿ ಸೆಟೆದುಕೊಂಡು 5 ಸೆಂ.ಮೀ.ನಲ್ಲಿ ನಿಂತರೆ 45 ÷ 5 + 1, ಹತ್ತು ಪಟ್ಟು. ಮಂಡಿ, ಸೊಂಟ ಮಡಚಿ 30 ಸೆಂ.ಮೀ. ತಗ್ಗಿ ನಿಂತರೆ ಎರಡೂವರೆ ಪಟ್ಟು. ಕಳೆಯಬೇಕಾದ ಶಕ್ತಿ ಅಷ್ಟೇ, ಆದರೆ ಹೆಚ್ಚು ದೂರದಲ್ಲಿ ಕಳೆದರೆ ಬಲ ಕಡಿಮೆ. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವಾಗ ಕೈ ಹಿಂದಕ್ಕೆ ಎಳೆದುಕೊಳ್ಳುವುದೂ ಇದಕ್ಕೇ. ಇದು ಸರಾಸರಿಯ ಮಾತು. ನೆಲ ಮುಟ್ಟಿದ ಕ್ಷಣದ ಗರಿಷ್ಠ ಬಲ ಇದಕ್ಕೂ ಹೆಚ್ಚಿರುತ್ತದೆ.

ಉಳುಕಿಗೆ ಮಾತ್ರ ಇನ್ನೊಂದು ಕಾರಣ ಹುಡುಕಬೇಕು. ಎದುರಿಗೆ ನಿಂತು ನೋಡಿ: ಇಳಿಯುವಾಗ ಮಂಡಿಗಳು ಒಂದಕ್ಕೊಂದು ಹತ್ತಿರ ಬರುತ್ತವೆಯೇ? ನೆಲದಿಂದ ಮೇಲೆ ಬರುವ ಬಲದ ಗೆರೆಯಿಂದ ಮಂಡಿ ಒಳಕ್ಕೆ ಸರಿದರೆ, ಆ ಅಂತರವೇ ಮಂಡಿಯನ್ನು ಪಕ್ಕಕ್ಕೆ ಮುರಿಯುವ ತೋಳಾಗುತ್ತದೆ. ಮಂಡಿ ಹಿಂದೆ ಮುಂದೆ ಮಡಚಲು ಆದ ಕೀಲು, ಪಕ್ಕಕ್ಕಲ್ಲ. ಆ ಹೊಡೆತ ಒಳಗಿನ ಎಸಿಎಲ್ ಅಸ್ಥಿರಜ್ಜಿನ ಮೇಲೆ ಬೀಳುತ್ತದೆ. ಹುಡುಗರಿಗಿಂತ ಹುಡುಗಿಯರಲ್ಲಿ ಈ ಗಾಯ ಹೆಚ್ಚು. ಒಂದೇ ಕಾಲಿನ ಮೇಲೆ ಇಳಿಯುವುದು ಅಪಾಯವನ್ನು ಇನ್ನೂ ಹೆಚ್ಚಿಸುತ್ತದೆ.

20–30 ಸೆಂ.ಮೀ. ಎತ್ತರದ ಗಟ್ಟಿ ಪೆಟ್ಟಿಗೆ ಅಥವಾ ಮೆಟ್ಟಿಲಿನಿಂದ ಎರಡೂ ಕಾಲಲ್ಲಿ ಇಳಿಯುವುದನ್ನು ರೂಢಿ ಮಾಡಿಸಿ. ಮುಂಗಾಲು ಮೊದಲು, ತಕ್ಷಣ ಹಿಮ್ಮಡಿ, ಸೊಂಟ ಹಿಂದಕ್ಕೆ, ಮಂಡಿ ಕಾಲಿನ ಎರಡನೆಯ ಬೆರಳಿನ ನೇರಕ್ಕೆ. ಎರಡು ಸೆಕೆಂಡು ಹಾಗೇ ನಿಲ್ಲಬೇಕು. ಎಂಟು ಸಲದಂತೆ ಮೂರು ಸುತ್ತು, ಆಟಕ್ಕೆ ಮುಂಚೆ, ವಾರಕ್ಕೆ ಮೂರು ದಿನ. ಆಟ ಮುಗಿದ ಮೇಲೆ ಬೇಡ, ಸೋತ ಕಾಲು ತಪ್ಪನ್ನೇ ಕಲಿಯುತ್ತದೆ. ಕಿವಿಯನ್ನೂ ಬಳಸಿ: ಧಪ್ ಎಂದು ಕೇಳಿಸಿದರೆ ಮಂಡಿ ಸೆಟೆದಿದೆ ಎಂದೇ ಅರ್ಥ. ಸಿಮೆಂಟಿನ ಅಂಗಳದಲ್ಲಿ ಆಡಿಸುವ ಶಾಲೆಗಳಿಗೆ ಇದು ಇನ್ನೂ ಮುಖ್ಯ. ನೆಲ ಒಂದು ಸೆಂಟಿಮೀಟರೂ ತಗ್ಗುವುದಿಲ್ಲ, ಎಲ್ಲ ದೂರವನ್ನೂ ಮೈಯೇ ಕೊಡಬೇಕು.

ಪ್ರಶ್ನೆ: ನೀರಿನ ಕೊಡ ಸೊಂಟದ ಮೇಲೆ ಒಳ್ಳೆಯದೋ, ತಲೆಯ ಮೇಲೋ?
— ಒಬ್ಬ ಓದುಗರು, ಕೊಪ್ಪಳ

ಉತ್ತರ: ದೂರ ಹೆಚ್ಚಿದ್ದರೆ ತಲೆ, ಅದೂ ಅಭ್ಯಾಸವಿದ್ದವರಿಗೆ. 15 ಲೀಟರಿನ ಕೊಡ ಸೊಂಟದಲ್ಲಿದ್ದರೆ ಬೆನ್ನುಮೂಳೆಯಿಂದ 20 ಸೆಂ.ಮೀ. ಪಕ್ಕದಲ್ಲಿರುತ್ತದೆ. ಅದನ್ನು ತೂಗಲು 35 ಕಿಲೋ ಮೇಲ್ಮೈ ಎದುರು ಬದಿಗೆ ಎಂಟೂವರೆ ಸೆಂ.ಮೀ. ವಾಲಬೇಕು. ದಿನಾ ಒಂದೇ ಬದಿಗೆ ಹೊತ್ತರೆ ಒಂದೇ ಬದಿಯ ಬೆನ್ನು ನೋಯುವುದು ಅದಕ್ಕೇ. ಬದಿ ಬದಲಿಸಿ, ಇಲ್ಲವೇ ಎರಡು ಸಣ್ಣ ಬಿಂದಿಗೆ ಎರಡು ಕೈಯಲ್ಲಿ ತನ್ನಿ. ತಲೆಯ ಮೇಲೆ ಈ ಪಕ್ಕದ ಟಾರ್ಕ್ ಇಲ್ಲ. ಕೀನ್ಯಾದ ಲುವೊ ಹೆಂಗಸರನ್ನು ಪರೀಕ್ಷಿಸಿ 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಮ್ಮ ತೂಕದ ಐದರಲ್ಲೊಂದು ಪಾಲು ಭಾರವನ್ನು ತಲೆಯ ಮೇಲೆ ಹೊತ್ತರೂ ಅವರ ಆಮ್ಲಜನಕದ ಖರ್ಚು ಹೆಚ್ಚಿರಲಿಲ್ಲ. ಎಲ್ಲರಿಗೂ ಹಾಗಾಗುತ್ತದೆ ಎಂದಲ್ಲ, ಚಿಕ್ಕಂದಿನಿಂದ ಹೊತ್ತು ಪಳಗಿದ ನಡಿಗೆ ಅದು. ಕತ್ತಿಗೆ ಪೆಟ್ಟಾಗುವುದು ನಡೆಯುವಾಗಿಗಿಂತ ತಲೆಗೇರಿಸುವಾಗ. ಆಗ ಇನ್ನೊಬ್ಬರ ಕೈ ಇರಲಿ. ಸಿಂಬಿ ಅಗಲವಾಗಿರಲಿ, ನೀರು ಕುಲುಕದಂತೆ ಕೊಡದ ಕತ್ತಿನವರೆಗೂ ತುಂಬಿ.

ಪ್ರಶ್ನೆ: ಸೈಕಲ್ ತುಳಿದ ಮೇಲೆ ಮಂಡಿಚಿಪ್ಪಿನ ಮುಂದೆ ನೋವು. ಗೇರ್ ಬದಲಿಸಬೇಕೇ?
— ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೊದಲು ಸೀಟು ನೋಡಿ. ಸೀಟು ತಗ್ಗಿದ್ದರೆ ಪೆಡಲ್ ಮೇಲಿದ್ದಾಗ ಮಂಡಿ ವಿಪರೀತ ಮಡಚುತ್ತದೆ. ಆ ಸ್ಥಿತಿಯಲ್ಲಿ ತುಳಿದರೆ ಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ. ಗೋಡೆಗೆ ಆನಿಸಿ ಕೂತು, ಪೆಡಲನ್ನು ತೀರಾ ಕೆಳಕ್ಕೆ ತಂದು, ಹಿಮ್ಮಡಿ ಅದರ ಮೇಲಿಡಿ. ಕಾಲು ಪೂರ್ತಿ ನೇರವಾಗಬೇಕು. ಆಮೇಲೆ ಮುಂಗಾಲು ಇಟ್ಟು ತುಳಿದಾಗ ಕೆಳಗಿನ ಹಂತದಲ್ಲಿ ಮಂಡಿ 25–35 ಡಿಗ್ರಿ ಮಡಚಿದ್ದರೆ ಸರಿ. ಒಮ್ಮೆಗೇ ಏರಿಸಬೇಡಿ, ಅರ್ಧ ಸೆಂಟಿಮೀಟರಿನಂತೆ ಏರಿಸಿ ಎರಡು ದಿನ ಓಡಿಸಿ ನೋಡಿ. ಕೂತಲ್ಲೇ ಸೊಂಟ ಅತ್ತಿತ್ತ ಹೊರಳಿದರೆ, ಅಥವಾ ನೋವು ಮಂಡಿಯ ಹಿಂದಕ್ಕೆ ಬಂದರೆ, ಹೆಚ್ಚಾಯಿತು ಎಂದರ್ಥ. ಅದಾದ ಮೇಲೂ ಮುಂದೆಯೇ ನೋವಿದ್ದರೆ ಆಗ ಗೇರ್ ಹಗುರ ಮಾಡಿ. ಸೀಟಿನ ಕೊಳವೆಯ ಮೇಲೆ ಗರಿಷ್ಠ ಎತ್ತರದ ಗೆರೆ ಕೊರೆದಿರುತ್ತದೆ, ಅದು ಹೊರಗೆ ಕಾಣುವಷ್ಟು ಎಳೆಯಬೇಡಿ.